ತಾಳುವವರು ಮತ್ತು ತಾಳಿಸುವವರು

ರಾತ್ರಿ ಎರಡು ಗಂಟೆ. ಮನೆಮಂದಿಯೆಲ್ಲ ಮಲಗಿದ್ದಾರೆ. ಮೂರು ವಾರದಿಂದ ನಿದ್ದೆಗೆಟ್ಟ ಹುಡುಗನೊಬ್ಬ ಕಂಪ್ಯೂಟರ್ ಪರದೆಯ ಮೇಲೆ ಕೊನೆಗೂ ರಾಕ್ಷಸನನ್ನು ಕೆಡವಿದ್ದಾನೆ. ರಾಕ್ಷಸ ಬಿದ್ದ ಜಾಗದಲ್ಲಿ ಹೊಳೆಯುವ ಕತ್ತಿಯೊಂದು ಕಾಣಿಸುತ್ತದೆ. ಅದಕ್ಕಾಗಿಯೇ ಇಷ್ಟು ದಿನದ ಒದ್ದಾಟ. ಹುಡುಗ ಕತ್ತಿಯನ್ನೆತ್ತಿ ಜೋಳಿಗೆಗೆ ಹಾಕಿಕೊಳ್ಳುತ್ತಾನೆ. ಮರುಕ್ಷಣ ಜೋಳಿಗೆ ತೆರೆದು ನೋಡಿದರೆ ಕತ್ತಿ ಇಲ್ಲ. ನೆಲದ ಮೇಲೂ ಇಲ್ಲ. ಬೆಳಗಾಗುವ ಹೊತ್ತಿಗೆ ಆಟದ ಕಂಪನಿಯಿಂದ ಎರಡು ಸಾಲಿನ ಉತ್ತರ ಬರುತ್ತದೆ: ದೋಷ ನಮ್ಮ ಗಮನಕ್ಕೆ ಬಂದಿದೆ, ಸರಿಪಡಿಸುತ್ತಿದ್ದೇವೆ, ದಯವಿಟ್ಟು ತಾಳ್ಮೆಯಿಂದಿರಿ.

ಕಾಫಿ ತಂದುಕೊಟ್ಟ ಅಮ್ಮ ಮಗನ ಮುಖ ನೋಡಿ ವಿಷಯ ಕೇಳಿ ತಿಳಿಯುತ್ತಾಳೆ. ‘ಇಲ್ಲದ ಕತ್ತಿ ಕಳೆದುಹೋಯಿತು ಅಂತ ಇಷ್ಟು ಗೋಳೇನೋ?’ ಎಂದು ನಗುತ್ತಾಳೆ.

ಈ ಹುಡುಗ ಕಲ್ಪಿತ. ಅವನ ಸಂಕಟ ಕಲ್ಪಿತವಲ್ಲ. ಅದು ಲೋಕದ ಲಕ್ಷಾಂತರ ಆಟಗಾರರಿಗೆ ಆಗಾಗ ಒದಗುವಂಥದ್ದು. ಅಮ್ಮನ ಪ್ರಶ್ನೆಯೂ ತಳ್ಳಿಹಾಕುವಂಥದ್ದಲ್ಲ. ಇಲ್ಲದ ಕತ್ತಿ ಕಳೆದುಹೋಗುವುದಾದರೂ ಹೇಗೆ? ಕಳೆದದ್ದನ್ನು ಮರಳಿ ಕೊಡಲು ಅಷ್ಟು ದೊಡ್ಡ ಕಂಪನಿಗೆ ವಾರಗಟ್ಟಲೆ ಏಕೆ ಬೇಕು? ಅಲ್ಲಿಯವರೆಗೆ ತಾಳಿ ಎಂದು ಕೇಳುವ ಹಕ್ಕು ಯಾರಿಗೆ, ಎಷ್ಟು ದಿನದವರೆಗೆ?

ಆನ್‌ಲೈನ್ ಆಟ ಎಂದೊಡನೆ ನಮ್ಮಲ್ಲಿ ಹಲವರಿಗೆ ರಮ್ಮಿ, ಬೆಟ್ಟಿಂಗು, ಸಾಲದ ಸುದ್ದಿಗಳು ನೆನಪಾಗುತ್ತವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದ್ದು ಅಂಥ ಹಣದ ಆಟಗಳನ್ನು. ಇಲ್ಲಿಯ ಮಾತು ಬೇರೆ ಬಗೆಯ ಆಟದ್ದು. ಸಾವಿರಾರು ಮಂದಿ ಒಂದೇ ಕಾಲಕ್ಕೆ ಹೊಕ್ಕು, ಒಂದು ಕಲ್ಪಿತ ರಾಜ್ಯದಲ್ಲಿ ಬೇಟೆಯಾಡಿ, ಬೇಸಾಯ ಮಾಡಿ, ಸಂತೆಯಲ್ಲಿ ಕೊಂಡು ಮಾರಿ, ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಬಾಳುವ ಆಟ. ಅಲ್ಲಿ ಕತ್ತಿ, ಉಂಗುರ, ಗುರಾಣಿ, ಕುದುರೆ ಎಲ್ಲಕ್ಕೂ ಬೆಲೆಯಿದೆ. ಏಕೆಂದರೆ ಎಲ್ಲಕ್ಕೂ ಯಾರದೋ ಸಮಯ ಸಂದಿದೆ.

ಆಟದ ಕತ್ತಿ ಕಬ್ಬಿಣದ್ದಲ್ಲ, ಸರಿ. ಆದರೆ ಅದು ಬರೀ ಚಿತ್ರವೂ ಅಲ್ಲ. ಚಿತ್ರ ಇರುವುದು ಆಟಗಾರನ ಪರದೆಯ ಮೇಲೆ. ಕತ್ತಿ ಇರುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ದೊಡ್ಡ ಖಾತೆಪುಸ್ತಕವೊಂದರ ಒಂದು ಸಾಲಾಗಿ. ‘ಇಂಥ ನಂಬರಿನ ಕತ್ತಿ ಇಂಥವನ ಜೋಳಿಗೆಯಲ್ಲಿದೆ’ ಎಂಬುದಷ್ಟೇ ಆ ಸಾಲು. ಸಹಕಾರ ಸಂಘದಲ್ಲಿ ನೀವಿಟ್ಟ ಹಣವೂ ಹೀಗೆಯೇ ಅಲ್ಲವೆ? ಕಪಾಟಿನಲ್ಲಿ ನಿಮ್ಮ ಹೆಸರು ಬರೆದ ನೋಟಿನ ಕಂತೆ ಇರುವುದಿಲ್ಲ. ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಆ ಸಾಲು ಅಳಿಸಿಹೋದರೆ ‘ಇಲ್ಲದ ಹಣಕ್ಕೆ ಇಷ್ಟು ಗೋಳೇ’ ಎಂದು ಯಾರೂ ಕೇಳುವುದಿಲ್ಲ.

ಕಂಪ್ಯೂಟರ್ ಮಂದಿ ಪ್ರೋಗ್ರಾಮಿನ ದೋಷವನ್ನು ‘ಬಗ್’ ಎನ್ನುತ್ತಾರೆ, ಅಂದರೆ ಹುಳು. ಆಟದ ವಸ್ತುಗಳಿಗೆ ಹತ್ತುವ ಹುಳುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನುಂಗುವ ಹುಳು, ಇನ್ನೊಂದು ಹೆರುವ ಹುಳು. ನುಂಗುವ ಹುಳು ಇದ್ದ ಕತ್ತಿಯನ್ನು ಇಲ್ಲವಾಗಿಸುತ್ತದೆ. ಹೆರುವ ಹುಳು ಒಂದು ಕತ್ತಿಯನ್ನು ಎರಡು ಮಾಡುತ್ತದೆ, ಎರಡನ್ನು ನಾಲ್ಕು. ಮೊದಲನೆಯದು ಬಂದ ದಿನವೇ ಗಲಾಟೆಯಾಗುತ್ತದೆ. ಎರಡನೆಯದು ಬಂದದ್ದು ಎಷ್ಟೋ ದಿನ ಗೊತ್ತೇ ಆಗುವುದಿಲ್ಲ. ಜೋಳಿಗೆ ತುಂಬಿದವನು ದೂರು ಕೊಡುವುದುಂಟೆ? ನಿಜವಾಗಿ ಅಪಾಯಕಾರಿಯಾದದ್ದು ಇದೇ. ಖೋಟಾ ನೋಟು ಸಂತೆಗೆ ಬಂದರೆ ಎಲ್ಲರ ಕಿಸೆಯಲ್ಲಿರುವ ಅಸಲಿ ನೋಟಿನ ಬೆಲೆಯೂ ಇಳಿಯುತ್ತದೆ. ಹಾಗೆಯೇ ಮೂರು ವಾರ ದುಡಿದು ಗಳಿಸಿದ ಕತ್ತಿ ಬೀದಿಗೆ ನೂರರಂತೆ ಸಿಕ್ಕರೆ ಆ ಮೂರು ವಾರವೂ ಕಳೆದುಹೋದಂತೆಯೇ.

ಈ ಹುಳುವಿನ ವಂಶ ಹಳೆಯದು. 1986ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆ ‘ಹ್ಯಾಬಿಟ್ಯಾಟ್’ ಎಂಬ ಊರೊಂದನ್ನು ಕಂಪ್ಯೂಟರಿನೊಳಗೆ ಕಟ್ಟಿತು. ಕಮೊಡೋರ್ 64 ಎಂಬ ಪುಟ್ಟ ಕಂಪ್ಯೂಟರಿಗೆ ಟೆಲಿಫೋನ್ ತಂತಿ ಸಿಕ್ಕಿಸಿಕೊಂಡು ಜನ ಆ ಊರಿನೊಳಗೆ ಓಡಾಡುತ್ತಿದ್ದರು. ಊರಿಗೆ ಬಂದವರಿಗೆ ಮೊದಲು 2,000 ಟೋಕನ್, ಆಮೇಲೆ ಬಂದ ದಿನಕ್ಕೆ 100 ಟೋಕನ್ ಕೈಖರ್ಚು. ಸಾಮಾನು ಮಾರುವ ಯಂತ್ರಗಳಿದ್ದವು. ಸಾಮಾನು ಮರಳಿ ಕೊಳ್ಳುವ ಯಂತ್ರಗಳೂ ಇದ್ದವು. ಬೇರೆ ಬೇರೆ ಕಡೆ ಬೇರೆ ಬೇರೆ ಬೆಲೆ ಇರಲಿ ಎಂದು ಕಟ್ಟಿದವರು ಬಯಸಿದ್ದರು. ಹಾಗೆ ಬೆಲೆ ಬರೆಯುವಾಗ ಎರಡು ಕಡೆ ಲೆಕ್ಕ ತಪ್ಪಿತು. ಒಂದು ಯಂತ್ರ ಗೊಂಬೆಯನ್ನು 75 ಟೋಕನ್‌ಗೆ ಮಾರುತ್ತಿತ್ತು. ಊರಿನ ಇನ್ನೊಂದು ಬದಿಯ ಯಂತ್ರ ಅದೇ ಗೊಂಬೆಯನ್ನು 100ಕ್ಕೆ ಕೊಳ್ಳುತ್ತಿತ್ತು. ಸ್ಫಟಿಕದ ಗೋಳವೊಂದರ ಮಾರುವ ಬೆಲೆ 18,000, ಕೊಳ್ಳುವ ಬೆಲೆ 30,000.

ಕೆಲವರು ಇದನ್ನು ಕಂಡುಹಿಡಿದರು. ಒಂದು ಇರುಳು ಪೂರ್ತಿ ಗೊಂಬೆ ಹೊತ್ತರು. ಗೊಂಬೆಯ ದುಡ್ಡಿನಿಂದ ಗೋಳ ಕೊಂಡು ಗೋಳ ಹೊತ್ತರು. ಬೆಳಗಾಗುವ ಹೊತ್ತಿಗೆ ಇಡೀ ಊರಿನ ಹಣದ ಮೊತ್ತ ಐದು ಪಟ್ಟಾಗಿತ್ತು! ಊರು ಕಟ್ಟಿದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಮೊದಲು ಇದನ್ನು ಪ್ರೋಗ್ರಾಮಿನ ದೋಷವೆಂದೇ ತಿಳಿದು ಹುಡುಕಾಡಿದರಂತೆ. ಪ್ರೋಗ್ರಾಮು ಸರಿಯಾಗಿಯೇ ಇತ್ತು. ತಪ್ಪಿದ್ದು ಬೆಲೆಚೀಟಿ. ಆ ಸಾಹುಕಾರರನ್ನು ವಿಚಾರಿಸಿದರೆ, ಮೋಸ ಮಾಡಿಲ್ಲ, ನ್ಯಾಯವಾಗಿ ಗಳಿಸಿದ್ದೇವೆ ಎಂಬ ಉತ್ತರ ಬಂತು. ಪುಣ್ಯಕ್ಕೆ ಅವರು ಒಳ್ಳೆಯ ಜನ. ಬಂದ ಹಣದಲ್ಲಿ ಊರವರಿಗೆಲ್ಲ ನಿಧಿ ಹುಡುಕುವ ಸ್ಪರ್ಧೆಗಳನ್ನು ನಡೆಸಿದರು. ಕಟ್ಟಿದವರು ಇದನ್ನೆಲ್ಲ ಮುಚ್ಚಿಡದೆ ಮುಂದೆ ಒಂದು ಪ್ರಬಂಧದಲ್ಲಿ ಬರೆದರು. ಮೂರೂವರೆ ದಶಕ ಕಳೆದರೂ ಆಟ ಕಟ್ಟುವವರು ಅದನ್ನು ಓದುತ್ತಿದ್ದಾರೆ.

ಹ್ಯಾಬಿಟ್ಯಾಟ್‌ನಲ್ಲಿ ಕೆಟ್ಟದ್ದು ಬೆಲೆಚೀಟಿ. ಸರಿಮಾಡಲು ಹೆಚ್ಚು ಹೊತ್ತು ಬೇಡ. ಖಾತೆಪುಸ್ತಕವೇ ಕೆಟ್ಟರೆ? ಒಂದು ಮನಿಯಾರ್ಡರನ್ನು ನೆನೆಸಿಕೊಳ್ಳಿ. ಇಲ್ಲಿಯ ಪುಸ್ತಕದಲ್ಲಿ ಹಣ ಕಳೆಯಬೇಕು, ಅಲ್ಲಿಯ ಪುಸ್ತಕದಲ್ಲಿ ಕೂಡಬೇಕು. ಎರಡೂ ಆದರೆ ಸರಿ, ಎರಡೂ ಆಗದಿದ್ದರೂ ಸರಿ. ಒಂದೇ ಆಗಿ ನಡುವೆ ಕರೆಂಟ್ ಹೋದರೆ ಕೆಲಸ ಕೆಟ್ಟಿತು. ಕಳೆದು ಕೂಡದಿದ್ದರೆ ಹಣ ಮಾಯ. ಕೂಡಿ ಕಳೆಯದಿದ್ದರೆ ಹಣ ಎರಡು ಪಟ್ಟು. ಆಟದೊಳಗೆ ಒಬ್ಬನ ಜೋಳಿಗೆಯಿಂದ ಇನ್ನೊಬ್ಬನ ಜೋಳಿಗೆಗೆ ಕತ್ತಿ ಹೋಗುವಾಗಲೂ ಇದೇ ಕಥೆ. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಕಲ್ಪಿತ ರಾಜ್ಯದ ನಕ್ಷೆಯನ್ನು ಹೋಳು ಮಾಡಿ ಬೇರೆ ಬೇರೆ ಸರ್ವರ್‌ಗಳಿಗೆ ಹಂಚಿದ್ದರು. ಆಟಗಾರ ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟುವಾಗ ಅವನ ಲೆಕ್ಕವೂ ಪುಸ್ತಕದಿಂದ ಪುಸ್ತಕಕ್ಕೆ ಹೋಗಬೇಕು. ಆ ಗಡಿರೇಖೆಯ ಮೇಲೆಯೇ ಚಾಲಾಕಿಗಳು ಕಾದು ನಿಂತರು. ಇತ್ತ ಒಂದು, ಅತ್ತ ಒಂದು ಎಂದು ಸಾಮಾನು ಎರಡಾಗುವ ಗಳಿಗೆಯನ್ನು ಹಿಡಿದರು.

ಅದೇ ಆಟದಲ್ಲಿ, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ದೋಷಗಳಿಂದ ರೋಸಿಹೋದ ಆಟಗಾರರು ಒಂದು ವಿಚಿತ್ರ ಪ್ರತಿಭಟನೆ ಮಾಡಿದರು. ತಮ್ಮ ಪಾತ್ರಗಳ ಬಟ್ಟೆಬರೆ ಕಳಚಿ, ಆಟದೊಳಗಿನ ರಾಜನ ಅರಮನೆಗೆ ನುಗ್ಗಿ, ಕುಡಿದು ಗಲಭೆ ಎಬ್ಬಿಸಿದರು. ಮೇಲ್ನೋಟಕ್ಕೆ ಇದು ತಾಳ್ಮೆಗೇಡಿತನ. ಆದರೆ ಗಮನಿಸಿ: ಅವರು ಆಟ ಬಿಟ್ಟು ಹೋಗಲಿಲ್ಲ. ಆಟದ ಒಳಗೆ ಬಂದು, ಆಟದ ರಾಜನ ಮನೆಯಲ್ಲೇ ನಿಂತು ಕೂಗಿದರು. ಬೇಡವಾದ ಊರಿನಲ್ಲಿ ಯಾರೂ ಧರಣಿ ಕೂರುವುದಿಲ್ಲ.

ಹಾಗಾದರೆ ದುರಸ್ತಿಗೆ ಇಷ್ಟು ಹೊತ್ತೇಕೆ? ಮೊದಲ ಕಾರಣ, ಹುಳು ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ‘ಕತ್ತಿ ಹೋಯಿತು’ ಎಂಬ ದೂರು ‘ಹೊಟ್ಟೆನೋವು’ ಎಂದು ವೈದ್ಯರಿಗೆ ಹೇಳಿದಂತೆ. ದೋಷವನ್ನು ತಮ್ಮ ಕಣ್ಣೆದುರು ಮತ್ತೊಮ್ಮೆ ಆಗಿಸಿ ನೋಡುವವರೆಗೆ ಪ್ರೋಗ್ರಾಮರುಗಳು ಕತ್ತಲಲ್ಲಿ ತಡಕಾಡುತ್ತಾರೆ. ಹತ್ತು ಸಾವಿರ ಮಂದಿ ಒಟ್ಟಿಗೆ ಸೇರಿದಾಗ ಮಾತ್ರ ಕಾಣಿಸುವ ದೋಷ ಹತ್ತು ಮಂದಿ ಪರೀಕ್ಷಕರ ಕೋಣೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಎರಡನೆಯದು, ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡುವ ಭಯ. ಹಳೆಯ ಮನೆಯ ಒಂದು ಹೆಂಚು ಬದಲಿಸಲು ಹತ್ತಿದವನ ಕಾಲಡಿ ನಾಲ್ಕು ಹೆಂಚು ಒಡೆಯುವುದಿಲ್ಲವೆ? ಮೂರನೆಯದು, ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳಾದರೆ ತಿದ್ದಿದ ಪ್ರೋಗ್ರಾಮನ್ನು ಆ ಕನ್ಸೋಲ್ ತಯಾರಿಸಿದ ಕಂಪನಿ ಪರೀಕ್ಷಿಸಿ ಒಪ್ಪಬೇಕು. ಅಲ್ಲಿಯೂ ಒಂದು ಸರತಿ.

ಎಲ್ಲಕ್ಕಿಂತ ಕಠಿಣವಾದದ್ದು ನಾಲ್ಕನೆಯದು. ತೂತು ಮುಚ್ಚಿದ ಮೇಲೆ ಸೋರಿದ್ದನ್ನು ಏನು ಮಾಡಬೇಕು? ಸುಲಭದ ದಾರಿಯೆಂದರೆ ಪುಸ್ತಕವನ್ನೇ ಹಿಂದಕ್ಕೆ ಮಗುಚುವುದು: ನಿನ್ನೆ ರಾತ್ರಿಯ ಪ್ರತಿ ತಂದು, ಇವತ್ತು ನಡೆದದ್ದೆಲ್ಲ ನಡೆದೇ ಇಲ್ಲ ಎನ್ನುವುದು. ಖೋಟಾ ಚಿನ್ನ ಹೋಗುತ್ತದೆ. ಜೊತೆಗೆ ಇವತ್ತು ಪ್ರಾಮಾಣಿಕವಾಗಿ ರಾಕ್ಷಸನನ್ನು ಕೊಂದವನ ಕತ್ತಿಯೂ ಹೋಗುತ್ತದೆ. ಕಳ್ಳನಿಗೆ ಹೊಡೆದ ಪೆಟ್ಟು ಇಡೀ ಬೀದಿಗೆ ಬಿದ್ದ ಹಾಗೆ.

2013ರ ಮೇ ತಿಂಗಳಲ್ಲಿ ಬ್ಲಿಝಾರ್ಡ್ ಕಂಪನಿಗೆ ಇದೇ ಇಕ್ಕಟ್ಟು ಬಂತು. ಅದರ ‘ಡಯಾಬ್ಲೊ 3’ ಆಟದಲ್ಲಿ ಒಂದು ಹರಾಜುಕಟ್ಟೆ ಇತ್ತು. ಆಟದ ಚಿನ್ನವನ್ನು ನಿಜವಾದ ಡಾಲರಿಗೆ ಮಾರಬಹುದಿತ್ತು. ಹೊಸ ತಿದ್ದುಪಡಿಯೊಂದರಲ್ಲಿ ಒಂದು ಕಂತೆಯ ಚಿನ್ನದ ಪ್ರಮಾಣವನ್ನು 10 ಲಕ್ಷದಿಂದ 1 ಕೋಟಿಗೆ ಏರಿಸಿದರು. ಆದರೆ 32 ಬಿಟ್‌ಗಳ ಮನೆಯಲ್ಲಿ ಕೂರುವ ಅಂಕಿಗೆ ಒಂದು ಮೇಲ್ಮಿತಿಯಿದೆ: 214 ಕೋಟಿ 74 ಲಕ್ಷ 83 ಸಾವಿರದ 647. ಅದಕ್ಕಿಂತ ಒಂದು ಹೆಚ್ಚಾದರೂ ಹಳೆಯ ಸ್ಕೂಟರಿನ ಮೀಟರು 99,999 ದಾಟಿ ಸೊನ್ನೆಗೆ ಮರಳುವಂತೆ ಲೆಕ್ಕ ತಲೆಕೆಳಗಾಗುತ್ತದೆ. ಆ ಮಿತಿ ದಾಟುವಷ್ಟು ಚಿನ್ನವನ್ನು ಮಾರಾಟಕ್ಕಿಟ್ಟು, ಮಾರಾಟ ರದ್ದು ಮಾಡಿದರೆ ಸಾಕು. ಇಟ್ಟದ್ದಕ್ಕಿಂತ ಹೆಚ್ಚು ಚಿನ್ನ ಮರಳಿ ಬರುತ್ತಿತ್ತು.

ಕಂಪನಿ ಕೆಲವೇ ಗಂಟೆಗಳಲ್ಲಿ ಹರಾಜುಕಟ್ಟೆಗೆ ಬೀಗ ಹಾಕಿತು. ಪುಸ್ತಕ ಹಿಂದಕ್ಕೆ ಮಗುಚಿ ಎಂದು ಹಲವರು ಕೂಗಿದರು. ಆದರೆ ಕೃತ್ಯ ಎಸಗಿದವರು ಕೆಲವೇ ನೂರು ಮಂದಿ, ಅವರಿಗಾಗಿ ಎಲ್ಲರ ದುಡಿಮೆಯನ್ನು ಅಳಿಸುವುದಿಲ್ಲ ಎಂದು ಕಂಪನಿ ನಿರ್ಧರಿಸಿತು. ಒಂದೊಂದೇ ಖಾತೆ ತಡೆಹಿಡಿದು ಲೆಕ್ಕ ತೆಗೆದು ಹುಟ್ಟಿದ ಚಿನ್ನದ ಬಹುಪಾಲನ್ನು ವಾಪಸು ಎಳೆಯಿತು. ಆ ವ್ಯವಹಾರದಿಂದ ಬಂದ ಡಾಲರುಗಳನ್ನು ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ದತ್ತಿಗೆ ಕೊಡುವುದಾಗಿ ಹೇಳಿತು. ಇಷ್ಟಾದರೂ ಆ ಕಟ್ಟೆ ಉಳಿಯಲಿಲ್ಲ. ಕೊಡು-ಕೊಳ್ಳುವ ಭರದಲ್ಲಿ ಆಟದ ಸಾರವೇ ಕೆಡುತ್ತಿದೆ ಎಂದು ಕಂಪನಿಯೇ ಒಪ್ಪಿ 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿತು. ಒಂದು ಹುಳುವನ್ನು ಹುಡುಕುವಾಗ ಕೆಲವೊಮ್ಮೆ ಇಡೀ ತೊಲೆಯೇ ಲಡ್ಡಾಗಿರುವುದು ಕಾಣುತ್ತದೆ.

ಬೀಗ ಹಾಕುವ ದಾರಿಗೂ ತನ್ನದೇ ನೋವಿದೆ. ಅಮೆಜಾನ್ ಕಂಪನಿಯ ‘ನ್ಯೂ ವರ್ಲ್ಡ್’ ಆಟ 2021ರ ಸೆಪ್ಟೆಂಬರ್ 28ರಂದು ಬಂದಾಗ ಜಾತ್ರೆಯೋ ಜಾತ್ರೆ. ಒಂದೇ ವೇಳೆಗೆ 9 ಲಕ್ಷಕ್ಕೂ ಹೆಚ್ಚು ಮಂದಿ ಒಳಗಿದ್ದರು. ನವೆಂಬರ್ ಆರಂಭದಲ್ಲಿ ಚಿನ್ನ ಹೆರುವ ಹುಳು ಹೊರಬಿತ್ತು. ಕಂಪನಿ ಎಲ್ಲ ಬಗೆಯ ಸಂಪತ್ತಿನ ವರ್ಗಾವಣೆಯನ್ನೂ ನಿಲ್ಲಿಸಿತು. ಸಂತೆ ಬಂದ್, ಸಂಘದ ಖಜಾನೆ ಬಂದ್, ಗೆಳೆಯನಿಗೆ ನಾಲ್ಕು ಕಾಸು ಕೊಡುವುದೂ ಬಂದ್. ಸಂತೆಯನ್ನೇ ನಂಬಿದ್ದ ಆಟದಲ್ಲಿ ಅದು ಊರಿಗೆ ಕರ್ಫ್ಯೂ ಹಾಕಿದಂತೆ. ಜನ ತಾಳಿದರು. ಸಂತೆ ತೆರೆಯಿತು. ಕೆಲವೇ ವಾರಗಳಲ್ಲಿ ಇನ್ನೊಂದು ಹುಳು: ಈ ಬಾರಿ ಮನೆಯಲ್ಲಿ ತೂಗುಹಾಕುವ ಬೆಲೆಬಾಳುವ ಟ್ರೋಫಿಗಳು ಎರಡೆರಡಾಗುತ್ತಿದ್ದವು. ಮತ್ತೆ ಸಂತೆ ಬಂದ್, ಮತ್ತೆ ತಾಳಿ ಎಂಬ ಮಾತು.

ಮೊದಲ ಸಲ ತಾಳಿ ಎಂದಾಗ ಜನ ನಂಬುತ್ತಾರೆ. ಎರಡನೆಯ ಸಲ ಲೆಕ್ಕ ಕೇಳುತ್ತಾರೆ. ಮೂರನೆಯ ಸಲ ಕೇಳುವುದಕ್ಕೆ ಎಷ್ಟೋ ಮಂದಿ ಅಲ್ಲಿರುವುದೇ ಇಲ್ಲ. ಆ ಆಟದ ಜಾತ್ರೆ ತಿಂಗಳುಗಳಲ್ಲೇ ಬಹಳ ಕರಗಿತು. ಕಾರಣಗಳು ಹಲವು; ಹುಳುವೊಂದೇ ಅಲ್ಲ. ಇನ್ನು ಹೊಸ ಅಧ್ಯಾಯಗಳನ್ನು ತರುವುದಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ಕಂಪನಿ ಘೋಷಿಸಿತು.

ತಾಳ್ಮೆಗೆ ಚೆಂದದ ಫಲ ಸಿಕ್ಕ ಕಥೆಯೂ ಒಂದಿದೆ. 2000ದಲ್ಲಿ ಬಂದ ‘ಡಯಾಬ್ಲೊ 2’ರಲ್ಲಿ ‘ಸ್ಟೋನ್ ಆಫ್ ಜೋರ್ಡನ್’ ಎಂಬ ಉಂಗುರವಿತ್ತು. ಸಿಗುವುದು ಅಪರೂಪ, ಜೋಳಿಗೆಯಲ್ಲಿ ಹಿಡಿಯುವ ಜಾಗ ಕಡಿಮೆ. ಆಟದ ಚಿನ್ನಕ್ಕೆ ಬೆಲೆ ಇಲ್ಲದ್ದರಿಂದ ಆಟಗಾರರು ಉಂಗುರವನ್ನೇ ನಾಣ್ಯ ಮಾಡಿಕೊಂಡರು. ಇಂಥ ಕತ್ತಿಗೆ ಇಷ್ಟು ಉಂಗುರ ಎಂದು ವ್ಯಾಪಾರ ನಡೆಯಿತು. ನಾಣ್ಯವಾದ ಮೇಲೆ ಕೇಳಬೇಕೆ? ಹೆರುವ ಹುಳು ಹಿಡಿದವರು ಉಂಗುರಗಳನ್ನು ಬುಟ್ಟಿಗಟ್ಟಲೆ ಹುಟ್ಟಿಸಿದರು. ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಲಾಗದ ಸ್ಥಿತಿ. ನಕಲಿಯನ್ನು ಅರಿಯದೆ ಕೊಂಡ ಅಮಾಯಕನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ನ್ಯಾಯವೆ?

2003ರ ಅಕ್ಟೋಬರ್‌ನ ತಿದ್ದುಪಡಿಯಲ್ಲಿ ಕಂಪನಿ ಒಂದು ಉಪಾಯ ಹೂಡಿತು. ಈ ಉಂಗುರವನ್ನು ಆಟದೊಳಗಿನ ವರ್ತಕನಿಗೆ ಮಾರಿದರೆ, ಇಷ್ಟು ಉಂಗುರ ಮಾರಾಟವಾಗಿದೆ ಎಂಬ ಸಂದೇಶ ಎಲ್ಲರ ಪರದೆಯ ಮೇಲೆ ಬರತೊಡಗಿತು. ಎಣಿಕೆ ಒಂದು ಮಟ್ಟ ಮುಟ್ಟಿದೊಡನೆ ನೆಲ ನಡುಗಿ ಮಹಾರಾಕ್ಷಸನೊಬ್ಬ ಎದ್ದು ಬರುತ್ತಿದ್ದ. ಅವನನ್ನು ಕೊಂದವರಿಗೆ ಬೇರೆಲ್ಲೂ ಸಿಗದ ತಾಯಿತ. ತಾಯಿತದ ಆಸೆಗೆ ಜನ ತಾವಾಗಿಯೇ ಉಂಗುರಗಳನ್ನು ತಂದು ಸುರಿದರು. ಯಾರ ಕೈಯಿಂದಲೂ ಕಿತ್ತುಕೊಳ್ಳದೆ ಊರಿನ ಖೋಟಾ ನಾಣ್ಯದ ದೊಡ್ಡ ಪಾಲು ವರ್ತಕನ ಹೊಟ್ಟೆ ಸೇರಿತು. ಹುಳು ಪೂರ್ತಿ ಸಾಯಲಿಲ್ಲ. ಆದರೆ ಶಾಪವೊಂದು ಹಬ್ಬವಾಯಿತು.

ಇನ್ನು ಎಷ್ಟು ತಾಳಿದರೂ ಕೈಗೆ ಬಾರದ ಕಥೆ. ಅದೇ ಬ್ಲಿಝಾರ್ಡ್‌ನ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2004ರಿಂದ ನಡೆಯುತ್ತಿರುವ ಆಟ. ಅಲ್ಲಿ ಸಂಘಗಳಿಗೆ ಒಂದೊಂದು ಉಗ್ರಾಣವಿದೆ. ಸದಸ್ಯರು ತಂದಿಟ್ಟ ಮದ್ದು, ಮಣಿ, ಆಯುಧಗಳು ವರ್ಷಗಟ್ಟಲೆ ಅಲ್ಲಿ ಕೂಡುತ್ತವೆ. ಆಟ ಬಿಟ್ಟುಹೋದ ಹಳೆಯ ಗೆಳೆಯರು ನೆನಪಿಗೆಂದು ಬಿಟ್ಟ ಸಾಮಾನುಗಳೂ ಇರುತ್ತವೆ. 2024ರ ಆಗಸ್ಟ್ ಹೊತ್ತಿಗೆ, ಆಟದ ಹೊಸ ಕಂತು ಹೊರಬಂದ ಸುಮಾರಿಗೆ, ಹಲವು ಸಂಘಗಳ ಉಗ್ರಾಣಗಳು ಖಾಲಿಯಾಗಿ ಕಂಡವು. ನುಂಗುವ ಹುಳು! ದೂರುಗಳು ಹೋದವು. ಪರಿಶೀಲಿಸುತ್ತಿದ್ದೇವೆ ಎಂಬ ಉತ್ತರ ಬಂತು. ವಾರಗಳು ತಿಂಗಳುಗಳಾದವು. ಕೊನೆಗೆ 2025ರ ಆರಂಭದಲ್ಲಿ ಕಂಪನಿ ಬಾಯಿ ಬಿಟ್ಟು ಹೇಳಿತು: ಕೆಲವನ್ನು ಮರಳಿಸಬಲ್ಲೆವು, ಎಲ್ಲವನ್ನೂ ಅಲ್ಲ, ಉಳಿದದ್ದು ಹೋದಂತೆಯೇ.

ಆ ಮಾತು ಕಹಿ. ಆದರೆ ಅಷ್ಟು ತಿಂಗಳ ಕಾಯುವಿಕೆಯಲ್ಲಿ ಆಟಗಾರರಿಗೆ ಸಿಕ್ಕ ಮೊದಲ ಗಟ್ಟಿ ವಸ್ತು ಅದೇ ಆಗಿತ್ತು. ಹೋದದ್ದು ಹೋಯಿತು ಎಂದು ಗೊತ್ತಾದರೆ ಸಂಘದವರು ನಿಟ್ಟುಸಿರು ಬಿಟ್ಟು ಉಗ್ರಾಣವನ್ನು ಮತ್ತೆ ತುಂಬತೊಡಗುತ್ತಾರೆ, ಇಲ್ಲವೆ ಕೈಮುಗಿದು ಹೊರನಡೆಯುತ್ತಾರೆ. ಎರಡೂ ಅವರ ಆಯ್ಕೆ. ಬರುತ್ತದೋ ಇಲ್ಲವೋ ತಿಳಿಯದಿದ್ದಾಗ ಅವರಿಗೆ ಯಾವ ಆಯ್ಕೆಯೂ ಇರುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾದವರಿಗೆ, ಕಚೇರಿಯಲ್ಲಿ ಕಡತದ ಹಿಂದೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನುಷ್ಯನನ್ನು ಹಣ್ಣು ಮಾಡುವುದು ಕಾಯುವುದಲ್ಲ. ಏತಕ್ಕೆ, ಎಲ್ಲಿಯವರೆಗೆ ಎಂದು ತಿಳಿಯದೆ ಕಾಯುವುದು.

ತಾಳ್ಮೆ ಎಂದರೆ ಆಟಗಾರ ಕಂಪನಿಗೆ ಕೊಟ್ಟ ಸಾಲ. ಕತ್ತಿ ಇವತ್ತೇ ಬೇಡ, ನಾಳೆ ಕೊಡು ಎಂದು ಒಪ್ಪಿ ಕೊಟ್ಟ ಕೈಗಡ. ಅಸಲು ಮರಳಿ ಬರುವವರೆಗೆ ಬಡ್ಡಿಯಂತೂ ಸಲ್ಲಬೇಕು. ಆ ಬಡ್ಡಿ ದುಡ್ಡಲ್ಲ, ಸುದ್ದಿ. ಏನು ಕೆಟ್ಟಿದೆ, ಯಾರಿಗೆ ಕೆಟ್ಟಿದೆ, ಈ ವಾರ ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ. ‘ಇನ್ನೂ ಸಿಕ್ಕಿಲ್ಲ’ ಎಂಬುದೂ ಸುದ್ದಿಯೇ. ಬಡ್ಡಿ ಸರಿಯಾಗಿ ಬರುತ್ತಿದ್ದರೆ ಸಾಲ ಕೊಟ್ಟವನು ಬಾಗಿಲು ತಟ್ಟುವುದಿಲ್ಲ. ಸುದ್ದಿ ನಿಂತ ದಿನ ಅರಮನೆಗೆ ನುಗ್ಗುತ್ತಾನೆ.

ಸಾಲ ಕೊಟ್ಟವನಿಗೂ ಕೆಲಸವಿದೆ. ಬೈಗುಳ ಹುಳುವನ್ನು ಹಿಡಿಯಲಾರದು, ವಿವರ ಹಿಡಿಯಬಲ್ಲದು. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಏನು ಮಾಡುತ್ತಿದ್ದಾಗ ಕತ್ತಿ ಮಾಯವಾಯಿತು? ಆ ಕ್ಷಣ ಸಂಪರ್ಕ ತುಂಡಾಗಿತ್ತೆ? ಜೋಳಿಗೆ ತುಂಬಿತ್ತೆ? ಮತ್ತೊಮ್ಮೆ ಹಾಗೆಯೇ ಮಾಡಿದರೆ ಮತ್ತೆ ಹಾಗೆಯೇ ಆಗುತ್ತದೆಯೆ? ಪರದೆಯ ಚಿತ್ರ ಇದೆಯೆ? ‘ಜೋಳಿಗೆ ತುಂಬಿದ್ದಾಗ, ಸೇತುವೆ ದಾಟುವ ಹೊತ್ತಿಗೆ’ ಎಂಬ ಒಂದು ಸಾಲು ಸಾವಿರ ಶಾಪಕ್ಕಿಂತ ಬೇಗ ಪ್ರೋಗ್ರಾಮರನ್ನು ಹುಳುವಿನ ಬಿಲಕ್ಕೆ ಮುಟ್ಟಿಸುತ್ತದೆ. ಹೆರುವ ಹುಳು ಕಂಡವನ ಹೊಣೆ ಇನ್ನೂ ದೊಡ್ಡದು. ಸುಮ್ಮನೆ ಜೋಳಿಗೆ ತುಂಬಿಕೊಂಡರೆ ಕೇಳುವವರಿಲ್ಲ. ಆದರೂ ಹೇಳುವವರಿದ್ದಾರೆ. ಆಟಗಳು ಉಳಿದಿರುವುದು ಅವರಿಂದಲೂ ಹೌದು.

ಹ್ಯಾಬಿಟ್ಯಾಟ್ ಊರಿನ ಇನ್ನೊಂದು ಪ್ರಸಂಗ ಇಲ್ಲಿಗೆ ಒಪ್ಪುತ್ತದೆ. ಆ ಊರಿನ ಕತ್ತಲ ನೆಲಮಾಳಿಗೆಯೊಂದರಲ್ಲಿ ನಡೆಸುವವರೇ ಮೃತ್ಯುವಿನ ವೇಷ ಹಾಕಿ ಓಡಾಡುತ್ತಿದ್ದರು. ಮೃತ್ಯುವಿನ ಕೈಯಲ್ಲಿ ಒಂದೇ ಗುಂಡಿಗೆ ಕೊಲ್ಲುವ ವಿಶೇಷ ಬಂದೂಕು. ಒಂದು ದಿನ ಆಟಗಾರರೇ ಮೃತ್ಯುವನ್ನು ಕೊಂದುಬಿಟ್ಟರು! ಬಂದೂಕು ಒಬ್ಬ ಆಟಗಾರನ ಕೈಸೇರಿತು. ಅದು ಆಟಗಾರರಿಗೆ ದಕ್ಕಬಾರದ ವಸ್ತು. ನಡೆಸುವವನು ಕೊಡು ಎಂದ. ಗೆದ್ದದ್ದನ್ನು ಏಕೆ ಕೊಡಲಿ ಎಂದ ಆಟಗಾರ. ಬೆದರಿಕೆಯ ಮಾತೂ ಬಂತು. ಖಾತೆಪುಸ್ತಕ ಅವರದೇ, ಬಂದೂಕಿನ ಸಾಲನ್ನು ಒಂದು ಗೀಟಿನಲ್ಲಿ ಹೊಡೆದುಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಚೌಕಾಸಿಗೆ ಕೂತರು. ಕೊನೆಗೆ ಊರಿನ ನಾಣ್ಯದಲ್ಲೇ 10,000 ಟೋಕನ್ ಎಣಿಸಿಕೊಟ್ಟು ತಮ್ಮ ಬಂದೂಕನ್ನು ತಾವೇ ಬಿಡಿಸಿಕೊಂಡರು.

ಪುಸ್ತಕ ಕೈಯಲ್ಲಿದ್ದೂ ಅವರು ಕಾದರು. ಊರಿನ ನಿಯಮಕ್ಕೆ ತಾವೂ ಒಳಪಟ್ಟವರು ಎಂದು ತೋರಿಸಿದರು. ಇನ್ನು ಮುಂದೆ ಅವರು ‘ದಯವಿಟ್ಟು ತಾಳಿ’ ಎಂದರೆ ಆ ಊರಿನವರು ತಾಳದೆ ಇರುತ್ತಾರೆಯೆ?

ತಾಳಿದವನು ಬಾಳಿಯಾನು ಎಂಬುದು ತಾಳುವವನಿಗೆ ಹೇಳಿದ ಗಾದೆ. ತಾಳಿಸುವವನಿಗೆ ಹೇಳಬೇಕಾದ ಗಾದೆಯೂ ನಮ್ಮಲ್ಲಿದೆ: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಟದ ಲೋಕದಲ್ಲಿ ಒಡೆದ ಮುತ್ತನ್ನಾದರೂ ಹಳೆಯ ಪುಸ್ತಕದ ಪ್ರತಿಯಿಂದ ಮರಳಿ ತರಬಹುದು. ಹುಸಿಯಾದ ಮಾತಿಗೆ ಅಂಥ ಪ್ರತಿಯಿಲ್ಲ.

ಕಾಫಿ ಆರುತ್ತಿದೆ. ಹುಡುಗ ಬೈಯಬೇಕೆಂದು ಬರೆಯತೊಡಗಿದ್ದನ್ನು ಅಳಿಸಿ ಮತ್ತೆ ಬರೆಯುತ್ತಿದ್ದಾನೆ: ರಾತ್ರಿ ಎರಡು ಗಂಟೆ ಆರು ನಿಮಿಷ, ಜೋಳಿಗೆಯಲ್ಲಿ ಒಂದೇ ಜಾಗ ಖಾಲಿ ಇತ್ತು, ಕತ್ತಿ ಎತ್ತಿದ ಗಳಿಗೆಯಲ್ಲೇ ಪರದೆ ಒಮ್ಮೆ ಸ್ತಬ್ಧವಾಯಿತು. ಅವನ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಉತ್ತರ ಬರಬೇಕಾದದ್ದು ಆ ಕಡೆಯಿಂದ.